ಅಡಿಯಲ್ಲಿ ನುಸುಳಬೇಡಿ, ಅನುಮತಿ ಕೇಳಿ ಮೇಲೆ ಹೋಗಿ

ದೊಡ್ಡ ವಿಮಾನ ನಿಲ್ದಾಣದ ಸುತ್ತಲಿನ ನಿಯಂತ್ರಿತ ಆಕಾಶ, ಅಂದರೆ ನೆಲದಲ್ಲಿ ಕೂತ ಕಂಟ್ರೋಲರ್ ವಿಮಾನಗಳ ಸಂಚಾರ ನಡೆಸುವ ಜಾಗ, ಎಂದರೆ ಸಣ್ಣ ವಿಮಾನ ಹಾರಿಸುವ ಬಹಳಷ್ಟು ಜನರಿಗೆ ಒಂಥರಾ ಅಳುಕು. ಜೆಟ್‌ಗಳ ಮಧ್ಯೆ ನಮಗೇನು ಕೆಲಸ, ರೇಡಿಯೊದಲ್ಲಿ ಬೈಸಿಕೊಳ್ಳುವುದ್ಯಾಕೆ ಎಂದುಕೊಂಡು ಅದರ ಅಡಿಯಲ್ಲೇ ನುಸುಳಿ ಆಚೆ ದಾಟಿಬಿಡುತ್ತಾರೆ. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ಅದೇ ಸುರಕ್ಷಿತ ದಾರಿ ಎನ್ನುವ ನಂಬಿಕೆ ಇದೆಯಲ್ಲ, ಅದಕ್ಕೆ ನನ್ನ ತಕರಾರು. ದೇಶದಿಂದ ದೇಶಕ್ಕೆ ನಿಯಮ ಬದಲಾಗುವುದರಿಂದ ಇಲ್ಲಿ ಅಮೆರಿಕದ ಕ್ಲಾಸ್ ಬಿ, ಅಂದರೆ ಅಲ್ಲಿನ ಅತಿ ದೊಡ್ಡ ನಿಲ್ದಾಣಗಳ ಸುತ್ತಲಿನ ಆಕಾಶ, ಇಟ್ಟುಕೊಂಡೇ ಹೇಳುತ್ತೇನೆ.

ಕ್ಲಾಸ್ ಬಿ ರನ್‌ವೇ ಹತ್ತಿರ ನೆಲದಿಂದಲೇ ಶುರುವಾಗುತ್ತದೆ. ದೂರ ಹೋದಂತೆ ಅದರ ತಳ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಚಾರ್ಟ್‌ನಲ್ಲಿ (ಹಾರಾಟದ ನಕ್ಷೆ) 100ರ ಕೆಳಗೆ 25 ಎಂದು ಬರೆದಿದ್ದರೆ ಮೇಲ್ಮಿತಿ 10,000 ಅಡಿ, ತಳ 2,500 ಅಡಿ. ಈಗ ಯೋಚಿಸಿ: ತಪ್ಪಿಸಿಕೊಳ್ಳಲು ಹೊರಟ ಎಲ್ಲರೂ ಎಲ್ಲಿ ಸೇರುತ್ತಾರೆ? ಆ ತಳಕ್ಕೂ ನೆಲಕ್ಕೂ ನಡುವಿನ ಕಿರಿದಾದ ಸಂದಿಯಲ್ಲಿ. ತರಬೇತಿ ವಿಮಾನ, ಹೆಲಿಕಾಪ್ಟರ್, ನಿಮ್ಮ ಹಾಗೆಯೇ ನುಸುಳಲು ಬಂದ ಇನ್ನೊಬ್ಬ, ಎಲ್ಲರೂ ಅಲ್ಲೇ. ಕೆಳಗೆ ಒತ್ತೊತ್ತಾಗಿ ಮನೆಗಳು. ನೆಲದಿಂದ 1,500 ಅಡಿ ಎತ್ತರದಲ್ಲಿ ಎಂಜಿನ್ ನಿಂತರೆ ಸೆಸ್ನಾ 172 ತೇಲಿಕೊಂಡು ಹೋಗುವುದು ಗಾಳಿಯಿಲ್ಲದಾಗ ಹೆಚ್ಚೆಂದರೆ ಎರಡು ನಾಟಿಕಲ್ ಮೈಲಿ, ಸಿಗುವ ಸಮಯ ಸುಮಾರು ಎರಡು ನಿಮಿಷ. 4,500 ಅಡಿಯಲ್ಲಿದ್ದರೆ ಅದು ಮೂರು ಪಟ್ಟು. ಈ ಒಂದು ಲೆಕ್ಕವೇ ನನಗೆ ಸಾಕು.

ಕೇಳುವುದು ಕಷ್ಟವಲ್ಲ, ಆದರೆ ಮೈಕ್ ಒತ್ತುವ ಮೊದಲೇ ಕೆಲಸ ಮುಗಿದಿರಬೇಕು. 1:2,50,000 ಪ್ರಮಾಣದ ಟರ್ಮಿನಲ್ ಚಾರ್ಟ್ ತೆಗೆದು ದಾರಿ, ಎತ್ತರ, ಗುರುತಿನ ಜಾಗ, ಫ್ರೀಕ್ವೆನ್ಸಿಗಳನ್ನು ಮಂಡಿಯ ಮೇಲಿನ ಹಾಳೆಯಲ್ಲಿ ಬರೆದುಕೊಳ್ಳಿ. ಗಡಿಗೆ ಹತ್ತು ಹದಿನೈದು ಮೈಲಿ ಇರುವಾಗಲೇ ಅಪ್ರೋಚ್ ಫ್ರೀಕ್ವೆನ್ಸಿಗೆ (ನಿಲ್ದಾಣದ ಸುತ್ತಲಿನ ವಿಮಾನಗಳನ್ನು ನೋಡಿಕೊಳ್ಳುವ ಕಂಟ್ರೋಲರ್‌ನ ರೇಡಿಯೊ) ಹೋಗಿ, ಒಂದು ನಿಮಿಷ ಸುಮ್ಮನೆ ಕೇಳಿ. ಒಬ್ಬರ ಮಾತಿಗೆ ಉತ್ತರ ಬರುವ ಮೊದಲೇ ಮಧ್ಯೆ ಬಾಯಿ ಹಾಕಿದರೆ ಎರಡೂ ಕೆಡುತ್ತವೆ. ಕಂಟ್ರೋಲರ್‌ಗೆ ಕೇಳಿಸುವುದು ಬರೀ ಕೀರಲು ಸದ್ದು. ಫ್ರೀಕ್ವೆನ್ಸಿ ತುಂಬಾ ಬ್ಯುಸಿ ಇದ್ದರೆ ಮೊದಲ ಕರೆಯಲ್ಲಿ ವಿಮಾನದ ಗುರುತು, ವಿನಂತಿ ಇದೆ ಎಂಬ ಮಾತು, ಅಷ್ಟೇ ಸಾಕು. ಅವರು ಕೇಳಿದಾಗ ಒಂದೇ ಉಸಿರಿಗೆ: ಯಾವ ಮಾದರಿ, ಎಲ್ಲಿದ್ದೀರಿ, ಎಷ್ಟು ಎತ್ತರ, ಎಲ್ಲಿಗೆ, ಯಾವ ದಾರಿಯಲ್ಲಿ.

ಬಹಳ ಜನ ಸಿಕ್ಕಿಬೀಳುವುದು ಇದರ ನಂತರ. ಟ್ರಾನ್ಸ್‌ಪಾಂಡರ್‌ಗೆ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ) ನಾಲ್ಕಂಕಿಯ ಕೋಡ್ ಕೊಟ್ಟರು, 'ರೇಡಾರ್ ಕಾಂಟ್ಯಾಕ್ಟ್' (ರೇಡಾರ್‌ನಲ್ಲಿ ಕಂಡಿರಿ) ಎಂದರು, ಇನ್ನೇನು ಬೇಕು ಎಂದು ಒಳಗೆ ನುಗ್ಗುತ್ತಾರೆ. ಅದು ಅನುಮತಿಯಲ್ಲ. ಸ್ವಲ್ಪ ಚಿಕ್ಕ ನಿಲ್ದಾಣಗಳ ಸುತ್ತಲಿನ ಕ್ಲಾಸ್ ಸಿ ಗೆ ಕಂಟ್ರೋಲರ್ ನಿಮ್ಮ ಗುರುತು ಹೇಳಿ 'ಸ್ಟ್ಯಾಂಡ್‌ಬೈ' (ಸ್ವಲ್ಪ ಕಾಯಿರಿ) ಎಂದರೂ ಸಂಪರ್ಕ ಆಯಿತೆಂದೇ ಲೆಕ್ಕ, ಒಳಗೆ ಹೋಗಬಹುದು. ಕ್ಲಾಸ್ ಬಿ ಗೆ ಹಾಗಿಲ್ಲ. ಒಳಬರಲು 'ಕ್ಲಿಯರ್ಡ್' (ಅನುಮತಿ ಇದೆ) ಎಂದು ಕಂಟ್ರೋಲರ್ ನಿಮ್ಮ ಗುರುತಿನೊಂದಿಗೆ ಸ್ಪಷ್ಟವಾಗಿ ಹೇಳಬೇಕು. ಅನುಮಾನ ಬಂದರೆ ನಾಚಿಕೆ ಬಿಟ್ಟು ಇನ್ನೊಮ್ಮೆ ಕೇಳಿ. ಉತ್ತರ ಬರುವವರೆಗೆ ಗಡಿಯ ಹೊರಗೇ ಒಂದು ಸುತ್ತು ಹೊಡೆಯಿರಿ. ಪೆಟ್ರೋಲ್ ಸ್ವಲ್ಪ ಹೋಗುತ್ತದೆ, ಲೈಸೆನ್ಸ್ ಉಳಿಯುತ್ತದೆ.

ಅನುಮತಿಯಿಲ್ಲದೆ ನುಗ್ಗಿದರೆ ಏನಾಗಬಹುದು ಎನ್ನುವುದಕ್ಕೆ 1986ರ ಆಗಸ್ಟ್ 31 ಇದೆ. ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್ ಮೇಲೆ ಪೈಪರ್ ಆರ್ಚರ್ ಎಂಬ ಒಂದು ಸಣ್ಣ ವಿಮಾನ, ಇಳಿಯಲು ಬರುತ್ತಿದ್ದ ಏರೋಮೆಕ್ಸಿಕೊ ಡಿಸಿ-9 ಜೆಟ್‌ಗೆ ಡಿಕ್ಕಿಯಾಯಿತು. ನೆಲದ ಮೇಲಿದ್ದ 15 ಜನ ಸೇರಿ 82 ಮಂದಿ ಸತ್ತರು. ಪೈಪರ್ ಅನುಮತಿಯಿಲ್ಲದೆ ಒಳಗೆ ಬಂದಿತ್ತು, ಅದರ ಟ್ರಾನ್ಸ್‌ಪಾಂಡರ್ ಎತ್ತರ ಕಳಿಸುತ್ತಿರಲಿಲ್ಲ. ದೊಡ್ಡ ನಿಲ್ದಾಣದ 30 ಮೈಲಿ ಸುತ್ತ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್ ಬೇಕೇಬೇಕು ಎಂಬ ನಿಯಮವನ್ನು ಕಿರಿಕಿರಿ ಎಂದು ಗೊಣಗುವವರು ಇದನ್ನು ನೆನಪಿಡಲಿ.

ಎತ್ತರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಟ್ರಾನ್ಸ್‌ಪಾಂಡರ್ ಸದಾ 29.92 ಇಂಚು (ಪಾದರಸ) ಎಂಬ ಪ್ರಮಾಣಿತ ಒತ್ತಡದ ಲೆಕ್ಕದಲ್ಲೇ ಎತ್ತರ ಕಳಿಸುತ್ತದೆ, ಸ್ಥಳೀಯ ಒತ್ತಡಕ್ಕೆ ಅದನ್ನು ಸರಿಪಡಿಸುವುದು ಕಂಟ್ರೋಲರ್ ಕಡೆಯ ಕಂಪ್ಯೂಟರ್. ನಿಮ್ಮ ಆಲ್ಟಿಮೀಟರ್‌ನಲ್ಲಿ (ಎತ್ತರದ ಮಾಪಕ) ಸ್ಥಳೀಯ ಒತ್ತಡ ಹೊಂದಿಸುವ ತಿರುಪಿಗೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ನೀವು 0.20 ಇಂಚು ತಪ್ಪಾಗಿ ಇಟ್ಟರೆ, ನಿಮ್ಮ ಮುಳ್ಳು ನಿಮಗೆ ಬೇಕಾದ ಎತ್ತರವನ್ನೇ ತೋರಿಸುತ್ತಿರುತ್ತದೆ, ವಿಮಾನ ಮಾತ್ರ 200 ಅಡಿ ಆಚೀಚೆ ಇರುತ್ತದೆ, ಅವರ ಪರದೆಯಲ್ಲಿ ಕಾಣುವುದು ನಿಜವಾದ ಎತ್ತರ. ತಳದಿಂದ ನೂರೇ ಅಡಿ ಕೆಳಗೆ ಹಾರುವವರಿಗೆ ಇಷ್ಟು ಸಾಕು ಗಡಿ ಮೀರಲು. 'ಸೇ ಆಲ್ಟಿಟ್ಯೂಡ್' (ಎತ್ತರ ಹೇಳಿ) ಎಂದು ಕೇಳಿದ ತಕ್ಷಣ ಮೊದಲು ಆ ತಿರುಪು ನೋಡಿ.

ಇನ್ನು ದಾಟುವ ಜಾಗ. ಹೊಸಬರಿಗೆ ಆಶ್ಚರ್ಯವಾಗುತ್ತದೆ: ದೊಡ್ಡ ನಿಲ್ದಾಣವನ್ನು ದಾಟಲು ಒಳ್ಳೆಯ ಜಾಗ ರನ್‌ವೇಯ ನಟ್ಟ ನಡುವಿನ ನೆತ್ತಿ. ಇಳಿಯುವ ಜೆಟ್ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ, ಅಂದರೆ ಮೈಲಿಗೆ ಸುಮಾರು 300 ಅಡಿ. ಎಂಟು ಮೈಲಿ ಆಚೆ ಅದು ಸುಮಾರು 2,500 ಅಡಿಯಲ್ಲಿರುತ್ತದೆ. ಅಲ್ಲಿ ನೀವೂ ಅದೇ ಎತ್ತರದಲ್ಲಿ ಅಡ್ಡ ಹೋದರೆ ಎದುರುಬದುರು. ರನ್‌ವೇ ನಡುವೆಯಾದರೆ ಇಳಿಯುವುದು ನೆಲದ ಮೇಲಿರುತ್ತದೆ, ಏರುವುದು ಇನ್ನೂ ಓಡುತ್ತಲೋ ಆಗಷ್ಟೇ ನೆಲ ಬಿಡುತ್ತಲೋ ಇರುತ್ತದೆ. ಲಾಸ್ ಏಂಜಲೀಸ್ ನಿಲ್ದಾಣದ ನೆತ್ತಿಯ ಮೇಲೇ 2,500 ಅಡಿಯಲ್ಲಿ ಸಣ್ಣ ವಿಮಾನಗಳು ದಾಟುವ 'ಮಿನಿ ರೂಟ್' ಇರುವುದು ಇದೇ ಕಾರಣಕ್ಕೆ.

ಒಳಗೆ ಹೋದ ಮೇಲೆ ಜೆಟ್ ತೋರಿಸಿ 'ಕಾಣಿಸುತ್ತಿದೆಯೇ' ಎಂದು ಕೇಳುತ್ತಾರೆ. ಕಂಡರೆ ಮಾತ್ರ ಕಂಡಿತು ಎನ್ನಿ. ಹಾಗೆಂದ ಮೇಲೆ ಅದರಿಂದ ದೂರ ಇರುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ಕಣ್ತಪ್ಪಿದರೆ ಆ ಕ್ಷಣವೇ ಹೇಳಬೇಕು. 1978ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಪಿಎಸ್‌ಎ ವಿಮಾನ ಸಂಸ್ಥೆಯ ಬೋಯಿಂಗ್ 727 ಸಿಬ್ಬಂದಿ ಮುಂದಿದ್ದ ಸೆಸ್ನಾವನ್ನು ಕಂಡೆವೆಂದರು. ಆಮೇಲೆ ಅದು ಕಣ್ಮರೆಯಾದದ್ದು ಕಂಟ್ರೋಲರ್‌ಗೆ ಸ್ಪಷ್ಟವಾಗಿ ತಲುಪಲೇ ಇಲ್ಲ. ಎರಡೂ ಡಿಕ್ಕಿಯಾಗಿ 144 ಜೀವ ಹೋಯಿತು.

ಮುಂದೆ ಮೋಡ ಇರುವ ದಿಕ್ಕಿಗೆ ತಿರುಗಲು ಕಂಟ್ರೋಲರ್ ಹೇಳಿದರೆ 'ಅನೇಬಲ್' (ಆಗುವುದಿಲ್ಲ) ಎನ್ನಿ, ಕಾರಣ ಹೇಳಿ. ಕಂಟ್ರೋಲರ್‌ಗೆ ರೇಡಾರ್‌ನಲ್ಲಿ ನೀವು ಕಾಣುತ್ತೀರಿ, ನಿಮ್ಮ ಮೂತಿಯ ಮುಂದಿನ ಮೋಡ ಕಾಣುವುದಿಲ್ಲ. ಭಾರೀ ಜೆಟ್‌ನ ಹಿಂದೆ ಸುಳಿಗಾಳಿ ನಿಮಿಷಕ್ಕೆ ಕೆಲವು ನೂರು ಅಡಿ ಕೆಳಗಿಳಿಯುತ್ತದೆ. ಅದರ ದಾರಿಯನ್ನು ದಾಟಬೇಕಾದರೆ ಮೇಲಿಂದ ದಾಟಿ, ಇಲ್ಲವೇ ಕನಿಷ್ಠ 1,000 ಅಡಿ ಕೆಳಗಿರಿ. ಕೊಟ್ಟ ಎತ್ತರ ಇದಕ್ಕೆ ಒಗ್ಗದಿದ್ದರೆ ಅದಕ್ಕೂ 'ಅನೇಬಲ್' ನಡೆಯುತ್ತದೆ.

ಹೊರಬಂದ ಮೇಲೂ ಕೊಟ್ಟ ಕೋಡ್ ನೀವಾಗಿಯೇ ಬದಲಿಸಬೇಡಿ. ಅವರು 'ಸ್ಕ್ವಾಕ್ ವಿಎಫ್‌ಆರ್' ಎಂದ ಮೇಲೆ, ಕಣ್ಣಳತೆಯಲ್ಲಿ ಹಾರುವವರ (ವಿಎಫ್‌ಆರ್) ಸಾಮಾನ್ಯ ಕೋಡ್ 1200 ಹಾಕಿ, ಅಲ್ಲಿಯವರೆಗೆ ಅದೇ ಫ್ರೀಕ್ವೆನ್ಸಿಯಲ್ಲಿರಿ. ಮುಂದಿನ ಕಂಟ್ರೋಲರ್‌ಗೆ ಒಪ್ಪಿಸುವಂತೆ ಕೇಳಿದರೆ ಬಹುತೇಕ ಒಪ್ಪಿಸುತ್ತಾರೆ, ಮತ್ತೆ ಹೊಸದಾಗಿ ಪರಿಚಯ ಹೇಳಿಕೊಳ್ಳುವ ಕೆಲಸವೂ ತಪ್ಪುತ್ತದೆ.