ಮೂಗಿಗಿಂತ ಭಾರವಾದ ಮೂಗುತಿ: ವಿಶ್ವ ಪ್ರವಾಸಗಳ ತೂಕದ ಲೆಕ್ಕ

ಪಾಪ್ ತಾರೆಯೊಬ್ಬಳು ಹೊಸ ಆಲ್ಬಂ ಜೊತೆ ವಿಶ್ವ ಪ್ರವಾಸದ ಪೋಸ್ಟರ್ ಬಿಟ್ಟಳು ಅಂದರೆ ಅದರ ಬೆನ್ನಿಗೇ ಮೂರು ತಕರಾರು ಏಳುತ್ತವೆ. ನಮ್ಮೂರು ಯಾಕಿಲ್ಲ? ಟಿಕೆಟ್ ಯಾಕಿಷ್ಟು ದುಬಾರಿ? ದಿನಾ ರಾತ್ರಿ ಅದೇ ಹಾಡು, ಅದೇ ಕ್ರಮ ಯಾಕೆ? ಮೂರಕ್ಕೂ ಜನ ಕೊಟ್ಟುಕೊಳ್ಳುವ ಉತ್ತರ ಒಂದೇ: ದುಡ್ಡಿನಾಸೆ. ಆಸೆ ಇಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ಆಸೆಗಿಂತ ಮೊದಲು ಬಂದು ನಿಲ್ಲುವುದು ತೂಕ. ಎಷ್ಟು ಟನ್ ಕಬ್ಬಿಣ, ಎಷ್ಟು ಟ್ರಕ್, ಕಟ್ಟಲು ಎಷ್ಟು ದಿನ ಅನ್ನುವುದು ಗೊತ್ತಾದರೆ ಊರುಗಳ ಪಟ್ಟಿಯನ್ನು ಅರ್ಧಕ್ಕರ್ಧ ನೀವೇ ಬರೆಯಬಹುದು. ಇವತ್ತಿನ ದೊಡ್ಡ ಪ್ರವಾಸಗಳಲ್ಲಿ ಮೂಗಿಗಿಂತ ಮೂಗುತಿ ಭಾರವಾಗಿದೆ ಅನ್ನುವುದೇ ನನ್ನ ತಕರಾರು.

'ಆಲ್ಬಂ ಪ್ರಚಾರಕ್ಕಾಗಿ ಪ್ರವಾಸ' ಅನ್ನುವ ಮಾತೇ ಈಗ ತಲೆಕೆಳಗು. ಸಿಡಿ ಮಾರಾಟದಲ್ಲಿ ದುಡ್ಡಿದ್ದ ಕಾಲದಲ್ಲಿ ಪ್ರವಾಸದಲ್ಲಿ ನಷ್ಟವಾದರೂ ರೆಕಾರ್ಡ್ ಕಂಪನಿ ಕೈಯಿಂದ ಹಾಕುತ್ತಿತ್ತು. ಗಾಳಿ ಯಾವ ಕಡೆ ತಿರುಗಿದೆ ಎಂದು ಮೊದಲೇ ಗುರುತಿಸಿದವರಲ್ಲಿ ಅಮೆರಿಕದ ಗಾಯಕ ಪ್ರಿನ್ಸ್ ಒಬ್ಬ. 2004ರಲ್ಲಿ ಪ್ರವಾಸದ ಟಿಕೆಟ್ ಜೊತೆಗೇ ಹೊಸ ಆಲ್ಬಂನ ಸಿಡಿ ಕೊಟ್ಟ. ಅವು ಮಾರಾಟವೆಂದೇ ಎಣಿಕೆಯಾದದ್ದು ನೋಡಿ, ಆಲ್ಬಂ ಮಾರಾಟದ ಶ್ರೇಯಾಂಕ ಪಟ್ಟಿ ಪ್ರಕಟಿಸುವ ಬಿಲ್‌ಬೋರ್ಡ್ ಪತ್ರಿಕೆ ತನ್ನ ನಿಯಮವನ್ನೇ ಬದಲಿಸಿತು. 2007ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಆಲ್ಬಂ ಅನ್ನು ಬ್ರಿಟನ್ನಿನ ಭಾನುವಾರದ ಪತ್ರಿಕೆಯೊಂದರ ಜೊತೆ ಪುಕ್ಕಟೆ ಹಂಚಿಸಿ, ಲಂಡನ್ನಿನ ಓ2 ಅರೀನಾದಲ್ಲಿ 21 ರಾತ್ರಿ ಹಾಡಿದ. ಆಲ್ಬಂ ಕರಪತ್ರ, ಟಿಕೆಟ್ಟೇ ಸರಕು. ಈಗ ಎಲ್ಲರೂ ನಡೆಸುತ್ತಿರುವುದು ಇದನ್ನೇ.

ಊರು ಆಯ್ಕೆಯಾಗುವುದು ಅಭಿಮಾನಿಗಳ ಸಂಖ್ಯೆಯಿಂದ ಮಾತ್ರ ಅಂದುಕೊಂಡರೆ ತಪ್ಪು. ಪ್ರವಾಸಕ್ಕೆ ಒಂದೆರಡು ವರ್ಷ ಮೊದಲೇ ಏಜೆಂಟ್ ಸ್ಟೇಡಿಯಂಗಳಲ್ಲಿ ದಿನಾಂಕ 'ಹೋಲ್ಡ್' ಮಾಡುತ್ತಾನೆ. ಒಂದೇ ದಿನಕ್ಕೆ ಮೊದಲ ಹೋಲ್ಡ್, ಎರಡನೇ ಹೋಲ್ಡ್, ಮೂರನೆಯದು ಹೀಗೆ ಸಾಲು ಇರುತ್ತದೆ. ಹಿಂದಿನವನು ದುಡ್ಡು ಕಟ್ಟಲು ತಯಾರಾದರೆ ಮೊದಲಿನವನು ಕೆಲವೇ ದಿನಗಳಲ್ಲಿ ಖಾತ್ರಿ ಮಾಡಬೇಕು, ಇಲ್ಲವೇ ಬಿಟ್ಟುಕೊಡಬೇಕು. ಯುರೋಪಿನ ದೊಡ್ಡ ಸ್ಟೇಡಿಯಂಗಳಲ್ಲಿ ಬಹುಪಾಲು ಫುಟ್‌ಬಾಲ್ ಆಟಕ್ಕೆ ಮೀಸಲು. ಅವು ನಿಜವಾಗಿ ಖಾಲಿ ಸಿಗುವುದು ಜೂನ್‌ನಿಂದ ಆಗಸ್ಟ್ ಆರಂಭದವರೆಗೆ. ಉತ್ತರ ಗೋಳಾರ್ಧದಲ್ಲಿ ಚಳಿ ಹಿಡಿದಾಗ ಪ್ರವಾಸ ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಕ್ಕೆ ಇಳಿಯುತ್ತದೆ. ಅಂದರೆ ಪ್ರವಾಸ ಬೇಸಿಗೆಯ ಬೆನ್ನು ಹತ್ತಿ ಹೋಗುತ್ತದೆ. ಮಳೆಗಾಲದಲ್ಲಿ ಬಯಲು ಸ್ಟೇಡಿಯಂ ಮಾತ್ರ ಇರುವ ಊರಿಗೆ ಎಷ್ಟೇ ಅಭಿಮಾನಿಗಳಿದ್ದರೂ ಆ ಕಿಟಕಿ ತೆರೆಯುವುದಿಲ್ಲ.

ಇನ್ನು ಕಬ್ಬಿಣಕ್ಕೆ ಬರೋಣ. ಒಳಾಂಗಣ ಅರೀನಾದಲ್ಲಿ ಛಾವಣಿ ಮೊದಲೇ ಇರುತ್ತದೆ. ಲೈಟು, ಸ್ಪೀಕರ್, ಪರದೆ ಎಲ್ಲವನ್ನೂ ಅದಕ್ಕೇ ನೇತುಹಾಕಬಹುದು. ಬೆಳಿಗ್ಗೆ ಆರಕ್ಕೆ ಮೊದಲ ಟ್ರಕ್ ಹಿಂದಕ್ಕೆ ಬಂದು ನಿಂತರೆ ರಾತ್ರಿ ಎಂಟಕ್ಕೆ ಪ್ರದರ್ಶನ, ಮುಗಿದ ಮೂರ್ನಾಲ್ಕು ಗಂಟೆಯಲ್ಲಿ ಮೈದಾನ ಖಾಲಿ. ಸ್ಟೇಡಿಯಂನಲ್ಲಿ ನೇತುಹಾಕುವ ಛಾವಣಿಯನ್ನೂ ನೀವೇ ಹೊತ್ತು ತರಬೇಕು. ಹುಲ್ಲಿನ ಮೇಲೆ ಅಲ್ಯೂಮಿನಿಯಂ ಹಲಗೆ ಹಾಸಿ, ಅದರ ಮೇಲೆ ಕ್ರೇನ್ ಓಡಿಸಿ, ಕಂಬ ನಿಲ್ಲಿಸಿ, ಸಾವಿರ ಲೀಟರಿನ ನೀರಿನ ತೊಟ್ಟಿಗಳನ್ನೋ ಕಾಂಕ್ರೀಟ್ ದಿಮ್ಮಿಗಳನ್ನೋ ಬುಡಕ್ಕೆ ಭಾರವಾಗಿಟ್ಟು ಏಳಿಸಲು ಮೂರ್ನಾಲ್ಕು ದಿನ ಬೇಕು. ಬಿಚ್ಚಲು ಮತ್ತೆರಡು ದಿನ. ಅಷ್ಟರಲ್ಲಿ ಗಾಯಕಿ ಮುಂದಿನ ಊರಲ್ಲಿ ಹಾಡಬೇಕಲ್ಲ? ಅದಕ್ಕೇ ಒಂದೇ ಅಸ್ಥಿಪಂಜರದ ಎರಡು ಮೂರು ಪ್ರತಿಗಳಿರುತ್ತವೆ. ಒಂದರ ಮೇಲೆ ಹಾಡು ನಡೆಯುವಾಗ ಇನ್ನೊಂದು ಮುಂದಿನ ಊರಲ್ಲಿ ಏಳುತ್ತಿರುತ್ತದೆ, ಮೂರನೆಯದು ಹಿಂದಿನ ಊರಲ್ಲಿ ಕಳಚುತ್ತಿರುತ್ತದೆ ಇಲ್ಲವೇ ದಾರಿಯಲ್ಲಿರುತ್ತದೆ. 2009ರಿಂದ 2011ರವರೆಗೆ ನಡೆದ ಯು2 ತಂಡದ 360 ಡಿಗ್ರಿ ಪ್ರವಾಸದಲ್ಲಿ ನಾಲ್ಕು ಕಾಲಿನ ದೈತ್ಯ ರಚನೆಗೆ ಹೀಗೆ ಮೂರು ಪ್ರತಿಗಳಿದ್ದವು. ಊರೂರು ತಿರುಗುವ ಸಾಮಾನು ಬೇರೆಯೇ: ವಾದ್ಯ, ಸೌಂಡ್ ಹೊಂದಿಸುವ ಮಿಕ್ಸರ್, ವೇಷಭೂಷಣ, ಕಂಪ್ಯೂಟರ್, ವಿಶೇಷ ಯಂತ್ರಗಳು. ಅದು ಒಂದೇ ಪ್ರತಿ. ಅದು ತಡವಾದರೆ ಪ್ರದರ್ಶನವೇ ಇಲ್ಲ.

ಟ್ರಕ್ ತುಂಬುವುದೂ ಒಂದು ವಿದ್ಯೆ. ಕೊನೆಗೆ ಹೋದದ್ದು ಮೊದಲು ಇಳಿಯುತ್ತದೆ, ಆದ್ದರಿಂದ ತುಂಬುವ ಕ್ರಮ ಇಳಿಸುವ ಕ್ರಮದ ಉಲ್ಟಾ ಇರಬೇಕು. ಅರೀನಾದಲ್ಲಿ ಎಲ್ಲಕ್ಕಿಂತ ಮೊದಲ ಕೆಲಸ ರಿಗ್ಗರ್‌ಗಳದು, ಅಂದರೆ ಛಾವಣಿಗೆ ಭಾರ ನೇತುಹಾಕುವವರದು. ನಕ್ಷೆ ಹಿಡಿದು ಖಾಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ: ಇಲ್ಲಿ ಒಂದು ಟನ್ ಎತ್ತುವ ಚೈನ್ ಮೋಟರ್, ಅಲ್ಲಿ ಎರಡು ಟನ್. ಆಮೇಲೆ ಮೋಟರು, ಅದಕ್ಕೆ ಟ್ರಸ್ ಅನ್ನುವ ಲೋಹದ ಜಾಲರಿ ತೊಲೆ, ಟ್ರಸ್‌ಗೆ ಲೈಟು, ನಂತರ ಸ್ಪೀಕರ್, ಪರದೆ. ಇವೆಲ್ಲ ಮೇಲೇರಿದ ಮೇಲೆ ಪಕ್ಕದಲ್ಲಿ ಜೋಡಿಸಿಟ್ಟ ವೇದಿಕೆಯನ್ನು ಚಕ್ರದ ಮೇಲೆ ತಳ್ಳಿ ಕೆಳಗೆ ತರುತ್ತಾರೆ. ಏಳನೇ ಟ್ರಕ್ಕಿನ ಲೈಟು ಮೊದಲ ಟ್ರಕ್ಕಿನ ಮೋಟರಿಗಿಂತ ಮುಂಚೆ ಬಂತೋ, ನೂರು ಜನ ಕೈಕಟ್ಟಿ ಕೂರುತ್ತಾರೆ, ಕೂಲಿಯ ಮೀಟರ್ ಮಾತ್ರ ಓಡುತ್ತಿರುತ್ತದೆ. ಛಾವಣಿಗೂ ಒಂದು ಮಿತಿಯಿದೆ. ಹಳೆಯ ಅರೀನಾದ ಛಾವಣಿ ಅಷ್ಟು ಭಾರ ಹೊರಲಾರದು ಎಂದು ಎಂಜಿನಿಯರ್ ಬರೆದುಕೊಟ್ಟರೆ ಅರ್ಧ ಪರದೆ ಟ್ರಕ್ಕಿನಲ್ಲೇ ಉಳಿಯುತ್ತದೆ, ಇಲ್ಲವೇ ಊರೇ ಪಟ್ಟಿಯಿಂದ ಹೋಗುತ್ತದೆ.

ರಸ್ತೆಯ ಕಾನೂನೂ ಪಟ್ಟಿ ಬರೆಯುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಟ್ರಕ್ ಚಾಲಕ ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10. ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ಬಿಡುವು ಕಡ್ಡಾಯ. ಸರಾಸರಿ 70 ಕಿಲೋಮೀಟರ್ ವೇಗ ಹಿಡಿದರೆ ದಿನಕ್ಕೆ 630 ಕಿಲೋಮೀಟರ್. ಎರಡು ಊರುಗಳ ನಡುವೆ 1,200 ಕಿಲೋಮೀಟರ್ ಇದ್ದರೆ ಪ್ರತಿ ಟ್ರಕ್ಕಿಗೂ ಎರಡನೇ ಚಾಲಕ, ಇಲ್ಲವೇ ಒಂದು ರಜಾ ದಿನ. ರಜಾ ದಿನ ಅಂದರೆ ಟಿಕೆಟ್ ಮಾರಾಟ ಸೊನ್ನೆ. ಸಂಬಳ, ಹೋಟೆಲ್, ಬಾಡಿಗೆ ಮಾತ್ರ ಎಂದಿನಂತೆ. ಖಂಡ ದಾಟುವಾಗ ಎಟಿಎ ಕಾರ್ನೆ ಅನ್ನುವ ಕಸ್ಟಮ್ಸ್ ದಾಖಲೆ ಬೇಕು. ಪ್ರತಿ ಪೆಟ್ಟಿಗೆಯೊಳಗಿನ ಸಾಮಾನು, ತೂಕ, ಬೆಲೆ, ಸೀರಿಯಲ್ ನಂಬರ್ ಅದರಲ್ಲಿರಬೇಕು. ಒಳಗೆ ಬಂದದ್ದು ಹೊರಗೂ ಹೋಗಬೇಕು, ಇಲ್ಲದಿದ್ದರೆ ಸುಂಕ. ಒಂದು ಮೈಕ್ ಬೇರೆ ಪೆಟ್ಟಿಗೆಗೆ ಬಿದ್ದರೂ ತಪಾಸಣೆಯಲ್ಲಿ ಒಂದು ದಿನ ಹೋಗಬಹುದು. ಬೋಯಿಂಗ್ 747 ಸರಕು ವಿಮಾನ ಹೊರುವುದು ನೂರಕ್ಕಿಂತ ಸ್ವಲ್ಪ ಹೆಚ್ಚು ಟನ್, ಆದ್ದರಿಂದ ಕಬ್ಬಿಣ ಹಡಗಿನಲ್ಲಿ ವಾರಗಟ್ಟಲೆ ಮೊದಲೇ ಹೊರಡುತ್ತದೆ. ಇಲ್ಲವೇ ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ.

ಗಾಳಿಯ ವಿಷಯದಲ್ಲಿ ಯಾರೂ ವಾದಿಸಬಾರದು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ಗಾಳಿ ಚದರ ಮೀಟರಿಗೆ ಸುಮಾರು 25 ಕಿಲೋ ಒತ್ತುತ್ತದೆ. 15 ಮೀಟರ್ ಅಗಲ, 10 ಮೀಟರ್ ಎತ್ತರದ ಎಲ್‌ಇಡಿ ಪರದೆ ಒಂದು ಹಾಯಿಯೇ. ಅದರ ಮೇಲೆ ಮೂರೂಮುಕ್ಕಾಲು ಟನ್ ತಳ್ಳು ಬೀಳುತ್ತದೆ. ಇಂತಿಷ್ಟು ವೇಗಕ್ಕೆ ಪರದೆ ಇಳಿಸು, ಇಂತಿಷ್ಟಕ್ಕೆ ವೇದಿಕೆ ಖಾಲಿ ಮಾಡು, ಇಂತಿಷ್ಟಕ್ಕೆ ಜನರನ್ನು ಕಳಿಸು ಎಂದು ಮೊದಲೇ ಬರೆದಿಟ್ಟಿರಬೇಕು, ನಿರ್ಧರಿಸುವವರು ಒಬ್ಬರೇ ಇರಬೇಕು. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ರಾಜ್ಯ ಮೇಳದಲ್ಲಿ ಬಿರುಗಾಳಿಗೆ ವೇದಿಕೆಯ ಛಾವಣಿ ಕುಸಿದು ಏಳು ಜನ ಸತ್ತರು. 'ಎರಡು ಹನಿ ಮಳೆಗೆ ಶೋ ನಿಲ್ಲಿಸಿದರು' ಎಂದು ಬೈಯುವವರು ಇದನ್ನು ನೆನಪಿಡಲಿ. ನಿಲ್ಲಿಸಿದ್ದು ಹನಿಗೆ ಹೆದರಿ ಇರಲಾರದು, ಗಾಳಿಗೋ ಸಿಡಿಲಿಗೋ ಇದ್ದೀತು.

ಸೌಂಡ್ ಬಗ್ಗೆ ದೂರು ಅತಿ ಹೆಚ್ಚು, ತಿಳಿವಳಿಕೆ ಅತಿ ಕಡಿಮೆ. ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ, ಅದೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವೇದಿಕೆಯಿಂದ 70 ಮೀಟರ್ ದೂರದ ಸ್ಪೀಕರ್ ಗೋಪುರಕ್ಕೆ ತಂತಿಯಲ್ಲಿ ಸಿಗ್ನಲ್ ಕ್ಷಣದಲ್ಲಿ ತಲುಪುತ್ತದೆ, ಆದರೆ ವೇದಿಕೆಯ ಶಬ್ದ ಅಲ್ಲಿಗೆ ಬರುವುದು 204 ಮಿಲಿಸೆಕೆಂಡ್ ಆದಮೇಲೆ. ಗೋಪುರದ ಶಬ್ದವನ್ನು ಅಷ್ಟು ತಡಮಾಡದಿದ್ದರೆ ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ಲೆಕ್ಕದ ಮೇಲೆ ಇನ್ನೊಂದು ಹತ್ತು ಮಿಲಿಸೆಕೆಂಡ್ ಸೇರಿಸುತ್ತಾರೆ, ಆಗ ಹಾಡು ಗೋಪುರದಿಂದಲ್ಲ, ವೇದಿಕೆಯಿಂದಲೇ ಬರುತ್ತಿದೆ ಎಂದು ಕಿವಿ ನಂಬುತ್ತದೆ. ಮಧ್ಯಾಹ್ನ 30 ಡಿಗ್ರಿಯಲ್ಲಿ ಹೊಂದಿಸಿದ್ದು ರಾತ್ರಿ 18 ಡಿಗ್ರಿಗೆ ಇಳಿದಾಗ ನಾಲ್ಕು ಮಿಲಿಸೆಕೆಂಡ್ ತಪ್ಪಿರುತ್ತದೆ. ಒಳ್ಳೆಯ ಸಿಸ್ಟಂ ಎಂಜಿನಿಯರ್ ಅದನ್ನೂ ತಿದ್ದುತ್ತಾನೆ. ಮೇಲಿನ ಗ್ಯಾಲರಿಯಲ್ಲಿ ಕೂತವರಿಗೆ ಪರದೆಯಲ್ಲಿ ತುಟಿ ಮೊದಲು ಆಡಿ ಪದ ಆಮೇಲೆ ಕೇಳುವುದು ಇದೇ ಕಾರಣಕ್ಕೆ. ಅದನ್ನು ನೋಡಿ 'ಹಾಡ್ತಾ ಇಲ್ಲ, ಬರೀ ತುಟಿ ಆಡಿಸ್ತಾಳೆ' ಅನ್ನುವವರಿದ್ದಾರೆ. ಬೆಳಕಿಗೂ ಶಬ್ದಕ್ಕೂ ಇರುವ ವ್ಯತ್ಯಾಸಕ್ಕೆ ಗಾಯಕಿ ಏನು ಮಾಡಿಯಾಳು?

ನಿಸ್ತಂತು ಮೈಕ್‌ಗಳದೂ ಬೇರೆ ಗೋಳು. ಎರಡು ಟ್ರಾನ್ಸ್‌ಮಿಟರ್‌ಗಳು 500 ಮತ್ತು 501 ಮೆಗಾಹರ್ಟ್ಸ್‌ನಲ್ಲಿದ್ದರೆ 499 ಮತ್ತು 502ರಲ್ಲಿ ದೆವ್ವದಂತೆ ಸುಳ್ಳು ಸಿಗ್ನಲ್‌ಗಳು ಹುಟ್ಟುತ್ತವೆ. ಆ ಜಾಗದಲ್ಲಿ ಮೂರನೇ ಮೈಕ್ ಇಟ್ಟರೆ ಕೆಟ್ಟಿತು. ದೇಶ ಬದಲಾದಂತೆ ಅನುಮತಿಯಿರುವ ತರಂಗಾಂತರವೂ ಬದಲಾಗುವುದರಿಂದ ಈ ಹೊಂದಾಣಿಕೆ ಪ್ರತಿ ದೇಶದಲ್ಲೂ ಹೊಸದಾಗಿ.

ದಿನಾ ಅದೇ ಹಾಡು ಯಾಕೆ ಅನ್ನುವುದಕ್ಕೆ ಬರುತ್ತೇನೆ. ವಾದಕರ ಕಿವಿಯಲ್ಲಿ ಕ್ಲಿಕ್ ತಾಳ ಬಡಿಯುತ್ತಿರುತ್ತದೆ. ಅದರ ಜೊತೆಗೇ ಟೈಮ್‌ಕೋಡ್, ಅಂದರೆ ಪ್ರತಿ ಕ್ಷಣವನ್ನೂ ಎಣಿಸುವ ಗಡಿಯಾರದ ಸಂಕೇತ, ಓಡುತ್ತದೆ. ಲೈಟು, ಪರದೆಯ ಚಿತ್ರ, ಹಿನ್ನೆಲೆಯ ಹೆಚ್ಚುವರಿ ವಾದ್ಯ ಎಲ್ಲವೂ ಆ ಗಡಿಯಾರಕ್ಕೆ ಕಟ್ಟಿಬಿದ್ದಿವೆ. ಅದನ್ನು ಓಡಿಸುವ ಕಂಪ್ಯೂಟರ್ ಒಂದಲ್ಲ, ಎರಡು. ಮೊದಲನೆಯದು ಕೈಕೊಟ್ಟರೆ ಎರಡನೆಯದು ಅದೇ ಕ್ಷಣದಿಂದ ಮುಂದುವರಿಸುತ್ತದೆ. ಲಿಫ್ಟ್ ಮತ್ತು ಬೆಂಕಿಯನ್ನು ಮಾತ್ರ ಗಡಿಯಾರಕ್ಕಷ್ಟೇ ಬಿಡುವುದಿಲ್ಲ. ಒಬ್ಬ ಮನುಷ್ಯ ಗುಂಡಿ ಒತ್ತಿ ಹಿಡಿದಿರಬೇಕು. ನರ್ತಕಿ ಗುರುತಿನ ಮೇಲೆ ನಿಂತಿಲ್ಲವೆಂದರೆ ಕೈ ಬಿಟ್ಟರೆ ಸಾಕು, ಯಂತ್ರ ನಿಲ್ಲುತ್ತದೆ. ಇಷ್ಟೆಲ್ಲ ಹೆಣೆದ ಮೇಲೆ ಒಂದು ಹಾಡು ಬದಲಿಸುವುದೆಂದರೆ ನಾಲ್ಕೈದು ವಿಭಾಗ ಮತ್ತೆ ತಾಲೀಮು ಮಾಡಬೇಕು. ಟೇಲರ್ ಸ್ವಿಫ್ಟ್ ತನ್ನ ಎರಾಸ್ ಪ್ರವಾಸದಲ್ಲಿ (2023-24, 149 ಪ್ರದರ್ಶನ, 51 ನಗರ) ಪ್ರತಿ ರಾತ್ರಿ ಅಚ್ಚರಿಯ ಹಾಡುಗಳಿಗೆ ಜಾಗ ಬಿಟ್ಟಳು. ಗಮನಿಸಿ, ಅಲ್ಲಿ ಬರೀ ಗಿಟಾರು, ಪಿಯಾನೊ. ನೃತ್ಯವಿಲ್ಲ, ಬೆಂಕಿಯಿಲ್ಲ. ಭಾರ ಇಳಿಸಿದ ಜಾಗದಲ್ಲೇ ಸ್ವಾತಂತ್ರ್ಯ ಸಿಕ್ಕಿತು.

ಈ ಯಂತ್ರದಲ್ಲಿ ಬಿಡಿಭಾಗ ಸಿಗದ ಅಂಗ ಒಂದೇ, ಗಂಟಲು. 2017ರಲ್ಲಿ ಬ್ರಿಟಿಷ್ ಗಾಯಕಿ ಅಡೆಲ್ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನ ನಾಲ್ಕು ರಾತ್ರಿಗಳಲ್ಲಿ ಎರಡು ಹಾಡಿ, ಧ್ವನಿತಂತುಗಳಿಗೆ ಪೆಟ್ಟಾಗಿ ಉಳಿದೆರಡನ್ನು ಬಿಟ್ಟಳು. ಇಂಥ ರದ್ದು ಕೊನೆ ಗಳಿಗೆಯಲ್ಲೇ ಬರುವುದಕ್ಕೆ ಕಾರಣವಿದೆ. ಸಂಜೆಯ ಸೌಂಡ್‌ಚೆಕ್‌ನಲ್ಲಿ ಧ್ವನಿ ಒಡೆದಾಗಲೇ ವೈದ್ಯರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡುವುದು. ಊತ ಮಾತ್ರವಿದ್ದರೆ ಶ್ರುತಿ ಅರ್ಧ ಸ್ವರ ಇಳಿಸಿ ದಾಟಿಸಬಹುದು, ಅದಕ್ಕೆ ಹಿನ್ನೆಲೆ ಟ್ರ್ಯಾಕ್‌ಗಳು ಇಳಿಸಿದ ಶ್ರುತಿಯಲ್ಲೂ ಮೊದಲೇ ಸಿದ್ಧವಿರಬೇಕು. ರಕ್ತಸ್ರಾವ ಕಂಡರೆ ಮಾತೂ ನಿಷಿದ್ಧ.

ದುಡ್ಡಿನ ಲೆಕ್ಕ ಚುಟುಕಾಗಿ. ಒಂದು ರಾತ್ರಿಯ ಗಳಿಕೆ 100 ಅಂದುಕೊಳ್ಳಿ. ತೆರಿಗೆ, ಮೈದಾನ, ಭದ್ರತೆ, ಸ್ಥಳೀಯ ಕೂಲಿ, ಜಾಹೀರಾತಿಗೆ 35 ಹೋದರೆ ಉಳಿದ 65ರಲ್ಲಿ ದೊಡ್ಡ ತಾರೆಗೆ ಶೇಕಡ 90, ಪ್ರದರ್ಶನ ಏರ್ಪಡಿಸುವ ಪ್ರೊಮೋಟರ್‌ಗೆ 10. ತಾರೆಯ ಕೈಗೆ 58.5 ಬಂತು ಅನ್ನಿ. ಟ್ರಕ್, ಕಬ್ಬಿಣ, ನರ್ತಕರು, ತಂತ್ರಜ್ಞರು, ವಿಮಾನ, ವಿಮೆ, ಮ್ಯಾನೇಜರ್, ಏಜೆಂಟ್ ಎಲ್ಲ ಅದರಲ್ಲೇ. ವೇದಿಕೆ ಭಾರವಾದಷ್ಟೂ ಒಂದೇ ಊರಲ್ಲಿ ಹೆಚ್ಚು ರಾತ್ರಿ ನಿಲ್ಲುವ ಆಸೆ ಹುಟ್ಟುವುದು ಇಲ್ಲಿಂದ. ಒಮ್ಮೆ ಕಟ್ಟಿದ್ದಕ್ಕೆ ಎರಡನೇ ರಾತ್ರಿ ಕಟ್ಟುವ ಖರ್ಚಿಲ್ಲ.

ಆದ್ದರಿಂದಲೇ ಈಗ ಹಾಡುವವರು ಊರಿಗೆ ಬರುತ್ತಿಲ್ಲ, ಊರು ಅವರ ಬಳಿಗೆ ಹೋಗುತ್ತಿದೆ. 2024ರ ಮಾರ್ಚ್‌ನಲ್ಲಿ ಸ್ವಿಫ್ಟ್ ಸಿಂಗಪುರದಲ್ಲಿ ಆರು ರಾತ್ರಿ ಹಾಡಿದಳು, ಆಗ್ನೇಯ ಏಷ್ಯಾದ ಬೇರೆಲ್ಲೂ ಇಲ್ಲ. ಸರ್ಕಾರ ಅದಕ್ಕೆ ಅನುದಾನ ಕೊಟ್ಟಿದ್ದನ್ನು ಒಪ್ಪಿಕೊಂಡಿತು. ಅದೇ ಆಗಸ್ಟ್‌ನಲ್ಲಿ ಅಡೆಲ್ ಮ್ಯೂನಿಕ್‌ನಲ್ಲಿ ತನಗಾಗಿಯೇ ಕಟ್ಟಿಸಿದ ತಾತ್ಕಾಲಿಕ ಮೈದಾನದಲ್ಲಿ, ಸುಮಾರು 220 ಮೀಟರ್ ಉದ್ದದ ಪರದೆಯ ಮುಂದೆ ಹತ್ತು ರಾತ್ರಿ ಹಾಡಿದಳು. ವಿಮಾನ, ಹೋಟೆಲ್ ಖರ್ಚು ಟ್ರಕ್ಕುಗಳಿಂದ ಕೇಳುಗರ ಜೇಬಿಗೆ ದಾಟಿತು, ಅಷ್ಟೆ. ಇದನ್ನು ನಾನು ಒಪ್ಪುವುದಿಲ್ಲ. ಯು2 360 ಡಿಗ್ರಿ ಪ್ರವಾಸ 110 ಪ್ರದರ್ಶನಗಳಲ್ಲಿ ಸುಮಾರು 73.6 ಕೋಟಿ ಡಾಲರ್ ಗಳಿಸಿತು. ಗಳಿಕೆಯ ಆ ದಾಖಲೆ ಮುರಿದದ್ದು 2017-19ರಲ್ಲಿ ಬ್ರಿಟಿಷ್ ಗಾಯಕ ಎಡ್ ಶೀರನ್, 250ಕ್ಕೂ ಹೆಚ್ಚು ಪ್ರದರ್ಶನಗಳಲ್ಲಿ, ವೇದಿಕೆ ಮೇಲೆ ಒಬ್ಬನೇ, ಒಂದು ಗಿಟಾರು, ಕಾಲಡಿಯಲ್ಲಿ, ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪ್ ಪೆಡಲ್. ರಾತ್ರಿಗಿಷ್ಟು ಎಂದು ಭಾಗಿಸಿದರೆ ಯು2 ಮುಂದಿದೆ, ನಿಜ. ಆದರೆ ಹಾಡು ತಲುಪಿದ ಊರುಗಳನ್ನು ಎಣಿಸಿದರೆ? ಲೇಡಿ ಗಾಗಾ 2025ರ ಆಲ್ಬಂ ಪ್ರವಾಸಕ್ಕೆ ಬಹುಪಾಲು ಸ್ಟೇಡಿಯಂ ಬಿಟ್ಟು ಅರೀನಾ ಆರಿಸಿದಳು, ವಿವರಗಳು ತನ್ನ ಹಿಡಿತದಲ್ಲಿರಲಿ ಎಂದು. ಸರಿಯಾದ ಹೆಜ್ಜೆ, ಸೀಟು ಕಡಿಮೆಯಾದರೂ.

ಟಿಕೆಟ್ ಸಿಗದವರಿಗೆ ಕೆಲಸಕ್ಕೆ ಬರುವ ಒಂದು ಮಾತು. ನ್ಯೂಯಾರ್ಕ್ ಅಟಾರ್ನಿ ಜನರಲ್ 2016ರ ವರದಿಯಲ್ಲಿ, ದೊಡ್ಡ ಪ್ರದರ್ಶನಗಳಲ್ಲಿ ಸಾಮಾನ್ಯ ಜನರಿಗೆ ತೆರೆದದ್ದು ಸರಾಸರಿ ಶೇಕಡ 46 ಟಿಕೆಟ್ ಮಾತ್ರ ಎಂದು ಲೆಕ್ಕ ಕೊಟ್ಟಿದ್ದರು. ಉಳಿದದ್ದರಲ್ಲಿ ಮುಂಗಡ ಮಾರಾಟವಿದೆ, ಒಳಗಿನವರ ಪಾಲಿದೆ. ಇವಲ್ಲದೆ ತಂತ್ರಜ್ಞರು ತಡೆದಿಟ್ಟ ಸೀಟುಗಳೂ ಇರುತ್ತವೆ: ಗೋಪುರ ಎಲ್ಲಿ ಬರುತ್ತದೋ, ಮಿಕ್ಸರ್ ಎಷ್ಟು ಜಾಗ ನುಂಗುತ್ತದೋ, ಯಾವ ಕಂಬ ಯಾರ ಕಣ್ಣಿಗೆ ಅಡ್ಡವಾಗುತ್ತದೋ ತಿಳಿಯದೆ ಮಾರುವಂತಿಲ್ಲ. ಕಬ್ಬಿಣ ಎದ್ದುನಿಂತ ಮೇಲೆ ಯಾರಾದರೂ ಆ ಸೀಟುಗಳಲ್ಲಿ ಕೂತು ನೋಡಿ, ಅಡ್ಡಿಯಿಲ್ಲದ್ದನ್ನು ಮೂಲ ಬೆಲೆಗೇ ಬಿಡುವುದುಂಟು. ಹಾಗಾಗಿ ಪ್ರದರ್ಶನದ ಮೂರ್ನಾಲ್ಕು ದಿನ ಮೊದಲಿನಿಂದ ಅದೇ ಸಂಜೆಯವರೆಗೆ ಅಧಿಕೃತ ಮಾರಾಟದ ಪುಟ ನೋಡುತ್ತಿರಿ. ಆಯ್ಕೆ ಸಿಕ್ಕರೆ ಪಕ್ಕದ ಮುಂದಿನ ಸಾಲು ಬಿಟ್ಟು, ಮಿಕ್ಸರ್ ಇರುವ ನೇರಕ್ಕೆ, ಅದರ ಹಿಂದಿನ ಕೆಳ ಗ್ಯಾಲರಿ ಹಿಡಿಯಿರಿ. ಸೌಂಡ್ ಹೊಂದಿಸುವವನು ಕೇಳುವುದೂ ಹೆಚ್ಚುಕಡಿಮೆ ಅಲ್ಲಿಂದಲೇ.