ಊರು ನೋಡಲಿ, ಕ್ಯಾಮೆರಾ ಬೇಡ

ಆಗಸ್ಟ್ ಕೊನೆಯಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಸಂಜೆ ಏಳು ಗಂಟೆಗೂ ಮೈಯೆಲ್ಲ ಅಂಟಂಟು. ಮಂಗಳೂರಿನ ಮೇ ತಿಂಗಳ ಸೆಕೆಯೇ. ಆದರೂ ಶುಕ್ರವಾರ ಆ ಹೊತ್ತಿಗೆ ನಮ್ಮ ಬಡಾವಣೆಯಲ್ಲಿ ಯಾರೂ ಮನೆಯಲ್ಲಿ ಇರುವುದಿಲ್ಲ. ಕಾರುಗಳೆಲ್ಲ ಒಂದೇ ದಿಕ್ಕಿಗೆ ಹೊರಟಿರುತ್ತವೆ, ಹೈಸ್ಕೂಲ್ ಮೈದಾನದ ಕಡೆಗೆ, ಹುಡುಗರ ಫುಟ್‌ಬಾಲ್ ನೋಡಲು. ನಾನೂ ಹೋಗುತ್ತೇನೆ. ಮೊದಮೊದಲು ಹೋಗಿದ್ದು ಮಗಳಿಗಾಗಿ, ಅವಳು ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಅವಳು ಕಾಲೇಜು ಸೇರಿ ಎರಡು ವರ್ಷವಾಯಿತು. ನಾನು ಮಾತ್ರ ಬಿಟ್ಟಿಲ್ಲ.

ಇಲ್ಲಿ ಫುಟ್‌ಬಾಲ್ ಅಂದರೆ ಕಾಲಿನಲ್ಲಿ ಆಡುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನುಗ್ಗುವ ಆಟ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಿನವರಿಗೆ. ಕಬಡ್ಡಿ ನೋಡಿ ಬೆಳೆದವನಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲೂ ಗೆರೆಗಾಗಿಯೇ ಜಗಳ.

ಶುಕ್ರವಾರ ಹೈಸ್ಕೂಲಿನದು, ಶನಿವಾರ ಕಾಲೇಜಿನದು, ಭಾನುವಾರ ದುಡ್ಡಿಗೆ ಆಡುವವರದು. ಇದಕ್ಕೆ ಕಾನೂನಿನ ಬೆಂಬಲವೂ ಇದೆ. 1961ರಲ್ಲಿ ಅಮೆರಿಕದ ಸಂಸತ್ತು ಕ್ರೀಡಾ ಪ್ರಸಾರದ ಬಗ್ಗೆ ಒಂದು ಕಾನೂನು ಮಾಡಿತು. ಲೀಗಿನ ತಂಡಗಳೆಲ್ಲ ಒಟ್ಟಾಗಿ ಟಿವಿ ಹಕ್ಕು ಮಾರಿದರೂ ಏಕಸ್ವಾಮ್ಯದ ಕೇಸು ಬೀಳದ ಹಾಗೆ ಅದು ರಕ್ಷಣೆ ಕೊಡುತ್ತದೆ. ಹೈಸ್ಕೂಲ್ ಸೀಸನ್ ನಡೆಯುವ ತಿಂಗಳುಗಳಲ್ಲಿ ಶುಕ್ರವಾರ ಸಂಜೆ ಆರರ ನಂತರ ವೃತ್ತಿಪರ ಲೀಗ್ ತನ್ನ ಪಂದ್ಯವನ್ನು ಟಿವಿಗೆ ಕೊಟ್ಟರೆ, ಆ ಕಾನೂನು ಕೊಡುವ ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಟಿವಿ ಮುಂದೆ ಕೂತು ಜನ ಊರಿನ ಹುಡುಗರ ಆಟಕ್ಕೆ ಬರದೇ ಹೋಗಬಾರದು ಅನ್ನುವ ಕಾಳಜಿ. ಇದನ್ನು ಮೊದಲ ಸಲ ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹದಿನೇಳು ವರ್ಷದ ಮಕ್ಕಳ ಆಟಕ್ಕೆ ಒಂದು ದೇಶ ವಾರದಲ್ಲಿ ಒಂದು ಸಂಜೆಯನ್ನು ಎತ್ತಿಟ್ಟಿದೆ, ಅಲ್ವಾ!

ಆದರೆ ಅದೇ ಮಕ್ಕಳ ಹತ್ತಿರ ಟಿವಿ ಇನ್ನೊಂದು ಬಾಗಿಲಿನಿಂದ ಬಂತು.

ನಾನು ಬರ್ಮಿಂಗ್‌ಹ್ಯಾಮ್ ಹತ್ತಿರ ಬಂದು ನೆಲೆಸಿದ್ದು 2004ರಲ್ಲಿ. 2006ರ ಆಗಸ್ಟ್‌ನಲ್ಲಿ ಎಂಟಿವಿಯಲ್ಲಿ 'ಟೂ-ಎ-ಡೇಸ್' ಅನ್ನುವ ರಿಯಾಲಿಟಿ ಸರಣಿ ಶುರುವಾಯಿತು. ನಮ್ಮ ಪಕ್ಕದ ಊರಾದ ಹೂವರ್‌ನ ಹೈಸ್ಕೂಲ್ ತಂಡವೇ ಅದರ ಕಥೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ, ಅಭ್ಯಾಸ ಮಾಡಿಸುತ್ತಾರಲ್ಲ, ಅದರಿಂದ ಬಂದ ಹೆಸರು. ಹೂವರ್ ಆಗ ಸಾಮಾನ್ಯ ತಂಡವಾಗಿರಲಿಲ್ಲ. 2002ರಿಂದ 2005ರವರೆಗೆ ಸತತ ನಾಲ್ಕು ವರ್ಷ ರಾಜ್ಯ ಚಾಂಪಿಯನ್. ಅವರು ಆಡುತ್ತಿದ್ದದ್ದು ಹತ್ತು ಸಾವಿರ ಜನ ಕೂರುವ ಹೂವರ್ ಮೆಟ್ ಕ್ರೀಡಾಂಗಣದಲ್ಲಿ. ಬಾಸ್ಕೆಟ್‌ಬಾಲ್ ಬಿಟ್ಟಿದ್ದ ಮೈಕೆಲ್ ಜೋರ್ಡನ್ 1994ರಲ್ಲಿ ಬೇಸ್‌ಬಾಲ್ ಆಡಿದ್ದೂ ಅಲ್ಲೇ.

ನಾನು ಆ ಸರಣಿಯನ್ನು ಕೂತು ನೋಡಿದೆ. ಹೊಸ ಊರು, ಹೊಸ ಜನ. ಇವರು ಹೇಗೆ ಬದುಕುತ್ತಾರೆ ಅಂತ ತಿಳಿಯಲು ಅದೊಂದು ಕಿಟಕಿಯ ಹಾಗೆ ಇತ್ತು. ಕೆಲವು ವಿಷಯ ಮನಸ್ಸಿಗೆ ಹಿಡಿಸಿದವು. ಆ ಹುಡುಗರ ದುಡಿಮೆ ಸುಳ್ಳಲ್ಲ. ಸುಡುವ ಬಿಸಿಲಲ್ಲಿ ಬೆವರಿ, ವಾಂತಿ ಮಾಡಿಕೊಂಡು, ಮತ್ತೆ ಎದ್ದು ಓಡುತ್ತಿದ್ದರು. ದಿನಕ್ಕೆರಡು ಅಭ್ಯಾಸ ದೇಹಕ್ಕೆ ಒಳ್ಳೆಯದಲ್ಲ ಅಂತ ಆಮೇಲೆ ಇವರಿಗೇ ಅನಿಸಿತು. 2017ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ, ಮೈಗೆ ಮೈ ತಾಗಿಸಿ ಆಡುವ ಅಭ್ಯಾಸವನ್ನು ಒಂದೇ ದಿನ ಎರಡು ಸಲ ಮಾಡಿಸಬಾರದು ಎಂದು ನಿಯಮ ಮಾಡಿತು.

ಹಿಡಿಸದ ವಿಷಯವೂ ಇತ್ತು, ಅದೇ ಜಾಸ್ತಿ. ಕೋಚ್ ರಶ್ ಪ್ರಾಪ್ಸ್ಟ್ ಹುಡುಗರ ಮುಖಕ್ಕೆ ಮುಖ ಕೊಟ್ಟು ಕೂಗುತ್ತಿದ್ದರು. ಬೈಗುಳ ಬಂದಲ್ಲೆಲ್ಲ ಟಿವಿಯವರು 'ಬೀಪ್' ಸದ್ದು ಹಾಕುತ್ತಿದ್ದರು. ಮೇಷ್ಟ್ರು ಬೈಯುವುದು ನಮಗೇನೂ ಹೊಸತಲ್ಲ. ನಮ್ಮ ಹೈಸ್ಕೂಲಿನಲ್ಲಿ ಬೆತ್ತವೇ ಇತ್ತು, ಅದನ್ನು ನಾನು ಒಳ್ಳೆಯದು ಅನ್ನುವುದಿಲ್ಲ. ಆದರೆ ಅದು ಆ ನಾಲ್ಕು ಗೋಡೆಯೊಳಗೆ ನಡೆದು ಮುಗಿಯುತ್ತಿತ್ತು. ಸಂಜೆ ಹೊತ್ತಿಗೆ ಜೊತೆಗಾರರು ಮರೆತಿರುತ್ತಿದ್ದರು. ಇಲ್ಲಿ ಹುಡುಗ ಬೈಸಿಕೊಂಡದ್ದನ್ನು ಒಂದು ವರ್ಷ ಕಳೆದ ಮೇಲೆ, ಹಿನ್ನೆಲೆಗೆ ಸಂಗೀತ ಹಾಕಿ, ಇಡೀ ದೇಶಕ್ಕೆ ತೋರಿಸಿದರು. ಅವನ ಪ್ರೀತಿ, ಜಗಳ, ಅಳು, ಎಲ್ಲವನ್ನೂ. ಅವನಿಗೆ ಹದಿನೇಳು. ಆ ವಯಸ್ಸಿನಲ್ಲಿ ನಾನು ಆಡಿದ ಮಾತುಗಳನ್ನು ಯಾರಾದರೂ ರೆಕಾರ್ಡ್ ಮಾಡಿ ಇಟ್ಟಿದ್ದರೆ ಇವತ್ತು ನನಗೆ ನಿದ್ದೆ ಬರುತ್ತಿರಲಿಲ್ಲ.

ಕ್ಯಾಮೆರಾ ಬಂದ ಮೇಲೆ ಏನಾಯಿತು ಅನ್ನುವುದೂ ದಾಖಲೆಯಲ್ಲಿದೆ. ಸರಣಿ ಎರಡು ಸೀಸನ್ ನಡೆಯಿತು. 2006ರಲ್ಲಿ ಹೂವರ್ ರಾಜ್ಯ ಫೈನಲ್‌ನಲ್ಲಿ ಪ್ರಾಟ್‌ವಿಲ್ ತಂಡಕ್ಕೆ ಸೋತಿತು. 2007ರಲ್ಲಿ ಆಟಗಾರರ ಓದಿನ ಅಂಕ ತಿದ್ದಲಾಗಿದೆ ಎಂಬ ಆರೋಪ ಬಂದು ಶಾಲಾ ಮಂಡಳಿ ತನಿಖೆ ಮಾಡಿಸಿತು. ಅದೇ ಅಕ್ಟೋಬರ್‌ನಲ್ಲಿ ಕೋಚ್ ರಾಜೀನಾಮೆ ಘೋಷಿಸಿದರು. ಎಲ್ಲಕ್ಕೂ ಕ್ಯಾಮೆರಾವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಗೆಲ್ಲಲೇಬೇಕು ಅನ್ನುವ ಹಟ ಮೊದಲೇ ಇತ್ತು, ಕ್ಯಾಮೆರಾ ಅದಕ್ಕೆ ಗಾಳಿ ಹಾಕಿತು.

ಹದಿನೈದು ವರ್ಷದ ನಂತರ ಇದೇ ಕಥೆ ಮತ್ತೊಮ್ಮೆ ನಡೆಯಿತು. ಈ ಸಲ ಪಕ್ಕದ ಜಾರ್ಜಿಯಾ ರಾಜ್ಯದ ವಾಲ್‌ಡೋಸ್ಟಾ. ಅಲ್ಲಿನ ಹೈಸ್ಕೂಲ್ ತಂಡ ಗೆದ್ದ ರಾಜ್ಯ ಪ್ರಶಸ್ತಿಗಳು ಇಪ್ಪತ್ತಕ್ಕೂ ಜಾಸ್ತಿ, ಊರಿಗೇ ಪ್ರಶಸ್ತಿಗಳ ಪಟ್ಟಣ ಅನ್ನುವ ಅಡ್ಡಹೆಸರಿದೆ. ಕೋಚ್ ಅವರೇ, ರಶ್ ಪ್ರಾಪ್ಸ್ಟ್. 2020ರ ಸೀಸನ್ ಉದ್ದಕ್ಕೂ ಚಿತ್ರೀಕರಣ ನಡೆದು, 2021ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಟೈಟಲ್‌ಟೌನ್ ಹೈ' ಎಂದು ಬಂತು. ಆದರೆ ಅದು ಬರುವ ಮೊದಲೇ ಏಪ್ರಿಲ್‌ನಲ್ಲಿ ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ ತೀರ್ಪು ಕೊಟ್ಟಾಗಿತ್ತು. ನಿಯಮ ಮೀರಿ ಬೇರೆ ಕಡೆಯ ಆಟಗಾರರನ್ನು ಸೆಳೆದ ಪ್ರಕರಣದಲ್ಲಿ ಶಾಲೆಗೆ 7,500 ಡಾಲರ್ ದಂಡ, ಹಿಂದಿನ ಗೆಲುವುಗಳು ರದ್ದು, 2021ರ ನಾಕೌಟ್ ಪಂದ್ಯಗಳಿಗೆ ಪ್ರವೇಶವಿಲ್ಲ. ಕೋಚ್ ಒಪ್ಪಂದವನ್ನೂ ಶಾಲಾ ಮಂಡಳಿ ಮುಂದುವರಿಸಲಿಲ್ಲ.

ನನಗೆ ಹೊಟ್ಟೆ ಉರಿದದ್ದು 2021ರ ಹುಡುಗರಿಗಾಗಿ. ನಿಯಮ ಮುರಿದವರು ದೊಡ್ಡವರು. ಕೊನೆಯ ವರ್ಷದ ನಾಕೌಟ್ ಆಡುವ ಆಸೆ ಕಳೆದುಕೊಂಡವರು ಹುಡುಗರು. ಹೈಸ್ಕೂಲ್ ಆಟಗಾರನಿಗೆ ಕೊನೆಯ ವರ್ಷ ಒಂದೇ ಸಲ ಬರುವುದು. ಅವರಲ್ಲಿ ಬಹಳ ಜನ ಮುಂದೆ ಎಲ್ಲೂ ಆಡುವುದಿಲ್ಲ. ಡಿಸೆಂಬರ್‌ಗೆ ಹೆಲ್ಮೆಟ್ ವಾಪಸ್ ಕೊಟ್ಟರೆ ಆ ಬದುಕು ಮುಗಿಯಿತು.

ಹಾಗಾದರೆ ನಮ್ಮ ಕಡೆ ಎಲ್ಲ ಸರಿ ಇದೆಯಾ? ಇಲ್ಲ. ಇದನ್ನು ಹೇಳದೆ ಸುಮ್ನೆ ಅಮೆರಿಕವನ್ನು ಮಾತ್ರ ಬೈದರೆ ನ್ಯಾಯವಾಗುವುದಿಲ್ಲ.

ನಾನು ಓದಿದ್ದು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಪಿ.ಟಿ. ಪಿರಿಯಡ್ ಗಣಿತಕ್ಕೆ ಹೋಯಿತು. ನಮ್ಮ ಪಿ.ಟಿ. ಮೇಷ್ಟ್ರು ಬಾಗಿಲಲ್ಲಿ ಒಂದು ನಿಮಿಷ ನಿಂತು, ಏನೂ ಹೇಳದೆ ಹೊರಟುಹೋದದ್ದು ನನಗೆ ಇನ್ನೂ ನೆನಪಿದೆ. ನಾವು ಹೋಬಳಿ ಮಟ್ಟದ ಕಬಡ್ಡಿಯಲ್ಲಿ ಗೆದ್ದು ಬಂದಾಗ ಊರಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಟೆಂಪೋದಲ್ಲಿ ಹಾಡು ಹೇಳಿಕೊಂಡು ಬಂದೆವು, ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ಹೋದೆವು. ಅಷ್ಟೆ.

ನಮ್ಮ ಊರುಗಳಿಗೂ ಮಕ್ಕಳ ಮೇಲೆ ಕಣ್ಣು ಬೀಳುತ್ತದೆ, ಆದರೆ ಅಂಕದ ದಿನ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು ಅಂದರೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ. 625ಕ್ಕೆ 618, 625ಕ್ಕೆ 621, ಪಕ್ಕದಲ್ಲಿ ಪಾಸ್‌ಪೋರ್ಟ್ ಸೈಜಿನ ಮುಖ, ಕೆಳಗೆ ಶಾಲೆಯ ಹೆಸರು ದೊಡ್ಡದಾಗಿ. ಹೂವರ್‌ನ ಹುಡುಗನ ಮುಖ ಚಾನಲ್‌ಗೆ ಜಾಹೀರಾತಾದ ಹಾಗೆ ನಮ್ಮ ಹುಡುಗಿಯ ಮುಖ ಟ್ಯುಟೋರಿಯಲ್‌ಗೆ ಜಾಹೀರಾತು. 400 ತೆಗೆದವಳು ಅದೇ ಫ್ಲೆಕ್ಸಿನ ಕೆಳಗೆ ನಡೆದು ಬಸ್ಸಿಗೆ ಹೋಗಬೇಕು.

ಇನ್ನು ನಮ್ಮ ಚಾನಲ್‌ಗಳ ಮಕ್ಕಳ ಹಾಡು, ಕುಣಿತದ ಸ್ಪರ್ಧೆಗಳು. ಎಂಟು ವರ್ಷದ ಮಗು ಚೆನ್ನಾಗಿ ಹಾಡುತ್ತದೆ. ಅದು ಸಾಕಲ್ಲ? ಸಾಲದು. ಅಪ್ಪನ ಸಾಲ, ಅಮ್ಮನ ಕಾಯಿಲೆ, ಮನೆಯ ಸೋರುವ ಹೆಂಚು, ಎಲ್ಲ ಬರಬೇಕು. ನಮ್ಮಲ್ಲಿ ಇದಕ್ಕೆ ಒಂದಿಷ್ಟು ಕಾನೂನು ಇದೆ ಅನ್ನುವುದು ಸಮಾಧಾನ. 2017ರ ನಿಯಮದ ಪ್ರಕಾರ 14 ವರ್ಷದೊಳಗಿನ ಮಗುವಿನ ಕೈಲಿ ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಆದರೆ ಮಗುವಿನ ಮನೆಯ ಕಷ್ಟವನ್ನು ಎಷ್ಟು ನಿಮಿಷ ತೋರಿಸಬಹುದು ಅಂತ ಗೆರೆ ಎಳೆಯಬೇಕಾದವರು ನಾವು, ನೋಡುವವರು. ನಾವು ಎಳೆದಿಲ್ಲ.

ಹಾಗಂತ ಊರು ಮಕ್ಕಳನ್ನು ನೋಡುವುದೇ ಬೇಡವಾ? ಬೇಕು, ತುಂಬಾ ಬೇಕು. ನೋಡುವ ರೀತಿಯಲ್ಲೇ ಎಲ್ಲ ಇದೆ. 2024ರ ಏಪ್ರಿಲ್‌ನಲ್ಲಿ ಊರಿಗೆ ಬಂದಿದ್ದಾಗ ಗೆಳೆಯನೊಬ್ಬ ಕೊಡಗಿನ ನಾಪೋಕ್ಲುವಿಗೆ ಕರೆದುಕೊಂಡು ಹೋದ. ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ ಅರವತ್ತು ಕುಟುಂಬಗಳು ಆಡಿದ್ದವು. ನಾವು ಹೋದ ವರ್ಷ 360 ಕುಟುಂಬಗಳು. ಮೈದಾನದಲ್ಲಿ ಹದಿನಾರರ ಹುಡುಗನೂ ಇದ್ದ, ಅರವತ್ತರ ಅಜ್ಜನೂ ಇದ್ದ, ಸೊಸೆಯರೂ ಇದ್ದರು. ಗ್ಯಾಲರಿಯಲ್ಲಿ ಕೂತ ಅಜ್ಜಿಯೊಬ್ಬರು ಗೋಲ್ ತಪ್ಪಿಸಿದ ಹುಡುಗನನ್ನು ಹೆಸರು ಹಿಡಿದು ಬೈದರು. ಪಂದ್ಯ ಮುಗಿದ ಮೇಲೆ ಅದೇ ಹುಡುಗ ಅವರ ಕಾಲಿಗೆ ಬಿದ್ದ, ಅಜ್ಜಿ ತಲೆ ಸವರಿದರು. ಬೈದವರೇ ಸವರಬೇಕು. ಟಿವಿ ನೋಡುವವನ ಕೈ ಅಲ್ಲಿಗೆ ಮುಟ್ಟುವುದಿಲ್ಲ.

ಇಲ್ಲಿನ ಶುಕ್ರವಾರದಲ್ಲಿ ನನಗೆ ಇಷ್ಟವಾದದ್ದೂ ಅದೇ. ಮೈದಾನದ ಪಕ್ಕದ ತಿಂಡಿ ಅಂಗಡಿಯಲ್ಲಿ ಹಾಟ್‌ಡಾಗ್, ಬೇಯಿಸಿದ ಕಡಲೆಕಾಯಿ ಮಾರುವವರು ಮಕ್ಕಳ ಅಪ್ಪ ಅಮ್ಮಂದಿರೇ. ಬಂದ ದುಡ್ಡು ಬ್ಯಾಂಡಿಗೆ, ತಂಡಕ್ಕೆ. ಮೊದಲ ವರ್ಷ ನನ್ನನ್ನೂ ಕೌಂಟರ್ ಹಿಂದೆ ನಿಲ್ಲಿಸಿದರು. ಅಲಬಾಮಾದಲ್ಲಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ ಅಂತ ಗೊತ್ತಾದ ದಿನ ನನಗೆ ಬಸವನಗುಡಿ ಪರಿಷೆ ನೆನಪಾಯಿತು. ಅರ್ಧ ಆಟದ ವಿರಾಮದಲ್ಲಿ ಬ್ಯಾಂಡ್ ಮೈದಾನಕ್ಕೆ ಇಳಿದರೆ ಮಗಳು ಎಲ್ಲಿದ್ದಾಳೆ ಅಂತ ಹುಡುಕುತ್ತಿದ್ದೆ. ನಾನು ಹುಡುಕುವ ಮೊದಲೇ ಪಕ್ಕದ ಮನೆಯವರು ತೋರಿಸುತ್ತಿದ್ದರು. ನಮ್ಮ ಭಾಷೆ, ಊಟ, ದೇವರು ಯಾವುದೂ ಗೊತ್ತಿಲ್ಲದವರಿಗೆ ನನ್ನ ಮಗಳು ಎಷ್ಟನೇ ಸಾಲಿನಲ್ಲಿ ನಿಂತಿದ್ದಾಳೆ ಅಂತ ಗೊತ್ತಿತ್ತು. ಇಪ್ಪತ್ತು ವರ್ಷದಲ್ಲಿ ಈ ಊರು ನನ್ನದು ಅನಿಸಿದ್ದು ಅಂಥ ಹೊತ್ತಿನಲ್ಲೇ.

ಅದನ್ನು ಇವರಿಂದ ನಾವು ಕಲಿಯಬೇಕು ಅಂತ ನನ್ನ ಆಸೆ. ಕ್ಯಾಮೆರಾ ಬೇಡ, ಫ್ಲೆಕ್ಸ್ ಬೇಡ. ಮೈದಾನಕ್ಕೆ ಹೋಗಿ ಕೂರೋಣ. ಪಿ.ಟಿ. ಮೇಷ್ಟ್ರಿಗೆ ಅವರ ಪಿರಿಯಡ್ ವಾಪಸ್ ಕೊಡೋಣ. ತಾಲ್ಲೂಕು ಮಟ್ಟದ ಪಂದ್ಯ ನಡೆಯುವ ದಿನ ಅಪ್ಪ ಅಮ್ಮ ಅರ್ಧ ದಿನ ರಜೆ ಹಾಕಿದರೆ ಮುಳುಗುವುದೇನಿದೆ?

ಹೋದ ವರ್ಷ ತಂಗಿಗೆ ಇದನ್ನೇ ಹೇಳಿದ್ದೆ. ಅವಳ ಮಗ ಹತ್ತನೇ ಕ್ಲಾಸು, ಕಬಡ್ಡಿ ತಂಡದಲ್ಲಿದ್ದ. "ಈ ವರ್ಷ ಬೇಡ ಕಣಣ್ಣ, ಎಸ್ಸೆಸ್ಸೆಲ್ಸಿ ಇದೆ" ಅಂದಿದ್ದಳು. ನಾನು ಹಟ ಹಿಡಿದೆ. ಆಡಲಿ ಬಿಡು, ನೀನೂ ಹೋಗು ಅಂದೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಇಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಬಂತು. ಗಾಬರಿಯಿಂದ ಎತ್ತಿಕೊಂಡೆ.

"ಅಣ್ಣ, ಸೋತ್ರು" ಅಂದಳು. ಹಿಂದೆ ಹುಡುಗರ ಗಲಾಟೆ ಕೇಳುತ್ತಿತ್ತು. "ನೋಡೋಕೆ ಬಂದಿದ್ದ ಹೆಂಗಸು ನಾನೊಬ್ಬಳೇ. ಇವನು ರೈಡಿಗೆ ಹೋದಾಗ ಎದ್ದು ನಿಂತು ಕೂಗಿಬಿಟ್ಟೆ, ಗಂಟಲು ಕಟ್ಟಿದೆ. ಪಿ.ಟಿ. ಮೇಷ್ಟ್ರು ಟೀ ತರಿಸಿಕೊಟ್ರು."