ಅಂದ ಹೆಚ್ಚಿತು, ಅರ್ಜಿ ಮಾಯವಾಯಿತು

ನಮ್ಮ ವಿಭಾಗದ ಜಾಲತಾಣಕ್ಕೆ ಹೊಸ ರೂಪ ಬಂದು ಮೂರು ವಾರಗಳಾದವು. ಪಠ್ಯಕ್ರಮ ಎಲ್ಲಿದೆ, ಪ್ರಬಂಧ ಸಲ್ಲಿಕೆಯ ಅರ್ಜಿ ಎಲ್ಲಿದೆ, ಮಾರ್ಗದರ್ಶಕರ ಇಮೇಲ್ ವಿಳಾಸ ಎಲ್ಲಿದೆ ಎಂದು ಕೇಳಿಕೊಂಡು ಅಂದಿನಿಂದ ನನ್ನ ಕೋಣೆಯ ಬಾಗಿಲು ತಟ್ಟಿದ ವಿದ್ಯಾರ್ಥಿಗಳ ಲೆಕ್ಕ ಇಡುವುದನ್ನೇ ನಾನು ಬಿಟ್ಟಿದ್ದೇನೆ. ಮರುವಿನ್ಯಾಸ ಸಮಿತಿಯ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತೆಂಬ ಒಂದೇ ಕಾರಣಕ್ಕೆ ಎಲ್ಲರೂ ನನ್ನ ಬಳಿಗೇ ಬರುತ್ತಾರೆ. ಆ ಸಮಿತಿಯಲ್ಲಿ ನನ್ನ ಮಾತು ನಡೆಯಲಿಲ್ಲವೆಂದು ಬಂದವರಿಗೆಲ್ಲ ವಿವರಿಸುತ್ತ ಕೂರಲು ಆಗದು. ಅದಕ್ಕೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ತಾಣ ಚೆಂದವಿತ್ತೆಂದು ನಾನು ಹೇಳುತ್ತಿಲ್ಲ. ಅಕ್ಷರ ಚಿಕ್ಕದು, ಬಣ್ಣ ಮಾಸಲು, ಮೊಬೈಲಿನಲ್ಲಿ ತೆರೆದರೆ ಪುಟವನ್ನು ಅತ್ತಿತ್ತ ಎಳೆದಾಡಬೇಕಿತ್ತು. ಆದರೆ ಮುಖಪುಟದ ಎಡಗಡೆಯಲ್ಲಿ ‘ಅರ್ಜಿ ನಮೂನೆಗಳು’ ಎಂಬ ಸಾಲೊಂದಿತ್ತು, ಅದನ್ನು ಒತ್ತಿದರೆ ನಮೂನೆಗಳೇ ಸಿಗುತ್ತಿದ್ದವು. ಈಗ ಆ ಜಾಗದಲ್ಲಿ ಪರದೆಯ ತುಂಬ ತಮ್ಮಷ್ಟಕ್ಕೆ ತಾವೇ ಸರಿಯುವ ಐದು ಚಿತ್ರಗಳಿವೆ. ಇಂಥ ಸರಿಯುವ ಚಿತ್ರಗಳನ್ನು ಜನ ಒತ್ತುವುದೇ ಇಲ್ಲವೆಂದು ಹೇಳಲು ನಾನು ಸಭೆಗೆ ಅಂಕಿಗಳನ್ನೇ ಒಯ್ದಿದ್ದೆ. ಅಮೆರಿಕದ ನೊಟ್ರ ಡೇಮ್ ವಿಶ್ವವಿದ್ಯಾಲಯದ ಮುಖಪುಟದ ಬಗ್ಗೆ 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಅಲ್ಲಿಗೆ ಬಂದವರಲ್ಲಿ ಸುಮಾರು ನೂರಕ್ಕೆ ಒಬ್ಬರು ಮಾತ್ರ ಆ ಚಿತ್ರಗಳನ್ನು ಒತ್ತಿದ್ದರು, ಹಾಗೆ ಒತ್ತಿದ್ದರಲ್ಲಿಯೂ ಶೇಕಡಾ 84ರಷ್ಟು ಮೊದಲ ಚಿತ್ರದ ಪಾಲಾಗಿತ್ತು. ಇದನ್ನೆಲ್ಲ ಗಮನವಿಟ್ಟು ಕೇಳಿಸಿಕೊಂಡ ಸಮಿತಿ, ಹಾಗಾದರೆ ಮೊದಲ ಚಿತ್ರ ವಿಭಾಗದ ಮುಖ್ಯಸ್ಥರದೇ ಇರಲಿ ಎಂದು ತೀರ್ಮಾನಿಸಿತು.

ಚಿತ್ರಗಳ ಕಾಟವನ್ನಾದರೂ ಸಹಿಸಬಹುದು, ಮೆನುವಿನದು ಸಹಿಸಲಾಗದ ಕಥೆ. ‘ಶೈಕ್ಷಣಿಕ’, ‘ಆಡಳಿತ’, ‘ಉಪಕ್ರಮಗಳು’, ‘ಸಂಪನ್ಮೂಲಗಳು’, ‘ಇತರೆ’ ಎಂಬ ಐದು ಶೀರ್ಷಿಕೆಗಳ ಕೆಳಗೆ ಇಡೀ ವಿಭಾಗವನ್ನು ತುರುಕಲಾಗಿದೆ. ಪ್ರಬಂಧ ಸಲ್ಲಿಸಬೇಕಾದ ವಿದ್ಯಾರ್ಥಿ ಸಹಜವಾಗಿ ‘ಶೈಕ್ಷಣಿಕ’ಕ್ಕೆ ಹೋಗುತ್ತಾನೆ, ಅಲ್ಲಿಲ್ಲ, ‘ಸಂಪನ್ಮೂಲಗಳು’ ನೋಡುತ್ತಾನೆ, ಅಲ್ಲಿಯೂ ಇಲ್ಲ. ಅರ್ಜಿ ಇರುವುದು ‘ಆಡಳಿತ’ದೊಳಗಿನ ‘ಸಮಿತಿಗಳು’ ಎಂಬುದರೊಳಗಿನ ‘ಸಂಶೋಧನಾ ಸಮಿತಿ’ಯ ಪುಟದ ತಳದಲ್ಲಿ, ‘ಅನುಬಂಧ 3 (ಪರಿಷ್ಕೃತ)’ ಎಂಬ ಹೆಸರಿನಲ್ಲಿ. ಆ ಅರ್ಜಿಯನ್ನು ಹೊರಡಿಸುವುದು ಸಂಶೋಧನಾ ಸಮಿತಿ, ಆದ್ದರಿಂದ ಅದು ಅಲ್ಲಿಯೇ ಇರತಕ್ಕದ್ದು ಎನ್ನುವುದು ಇದಕ್ಕೆ ಕೊಟ್ಟ ಸಮರ್ಥನೆ. ಯಾವ ಕಾಗದ ಯಾರ ಕಪಾಟಿನಿಂದ ಹೊರಡುತ್ತದೆ ಎಂಬುದು ಕಚೇರಿಯವರಿಗೆ ಗೊತ್ತಿರಬೇಕಾದ ವಿಷಯ. ಹೊರಗಿನಿಂದ ಬಂದವರು ಅದನ್ನು ಊಹಿಸಿಕೊಂಡು ಹುಡುಕಬೇಕೆಂದರೆ ಹೇಗೆ?

ಇದನ್ನು ತಪ್ಪಿಸಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಪುಟಗಳ ಹೆಸರುಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ವಿದ್ಯಾರ್ಥಿಗಳ ಕೈಗಿತ್ತು, ನಿಮಗೆ ಯಾವುದರ ಜೊತೆ ಯಾವುದು ಸೇರಬೇಕೆನಿಸುತ್ತದೋ ಹಾಗೆ ಗುಂಪು ಮಾಡಿ ಎಂದು ಹೇಳಿದ್ದರೆ ಅರ್ಧ ದಿನದಲ್ಲಿ ಮೆನು ತಾನಾಗಿಯೇ ರೂಪುಗೊಳ್ಳುತ್ತಿತ್ತು. “ವಿಭಾಗದ ರಚನೆಯ ಬಗ್ಗೆ ವಿದ್ಯಾರ್ಥಿಗಳಿಗೇನು ಗೊತ್ತು?” ಎಂದು ಹಿರಿಯರೊಬ್ಬರು ಕೇಳಿದರು. ಗೊತ್ತಿಲ್ಲದಿರುವುದರಿಂದಲೇ ಅವರನ್ನು ಕೇಳಬೇಕು ಸರ್ ಎಂದೆ. ಅದು ಉದ್ಧಟತನವೆಂದು ದಾಖಲಾಯಿತು. ಹೋಗಲಿ, ತಾಣ ಸಿದ್ಧವಾದ ಮೇಲಾದರೂ ಐದು ಜನರನ್ನು ಕೂರಿಸಿ, ಅರ್ಜಿ ಹುಡುಕಿ ಎಂದು ಹೇಳಿ, ಬಾಯಿ ಮುಚ್ಚಿಕೊಂಡು ನೋಡೋಣ ಎಂದು ಬೇಡಿಕೊಂಡೆ. ಅಷ್ಟು ಜನರನ್ನು ಗಮನಿಸಿದರೂ ಬಹುಪಾಲು ತೊಡಕುಗಳು ಕಣ್ಣಿಗೆ ಬೀಳುತ್ತವೆಂದು ಜಾಲತಾಣಗಳ ಬಳಕೆ ಎಷ್ಟು ಸುಲಭ ಎಂಬುದನ್ನು ಅಧ್ಯಯನ ಮಾಡುವ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಸಮಯವಿಲ್ಲವೆಂಬ ಉತ್ತರ ಬಂತು. ತಲೆಪಟ್ಟಿಗೆ ಯಾವ ನೀಲಿ ಒಪ್ಪುತ್ತದೆ ಎಂಬ ಚರ್ಚೆಗೆ ಮಾತ್ರ ಮೂರು ಸಭೆಗಳು ನಡೆದವು.

ಇನ್ನು ಹಳೆಯ ಲಿಂಕುಗಳ ಗತಿ. ಪುಟವೊಂದನ್ನು ಬೇರೆ ಕಡೆಗೆ ಸರಿಸಿದಾಗ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳುಹಿಸಲು ಸರ್ವರಿನಲ್ಲಿ 301 ಎಂಬ ಸರಳ ವ್ಯವಸ್ಥೆಯಿದೆ. ವಿಳಾಸಗಳನ್ನು ಸುಮ್ಮಸುಮ್ಮನೆ ಬದಲಿಸಬಾರದೆಂದು ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಎಚ್ಚರಿಸಿದ್ದರು. ನಮ್ಮಲ್ಲಿ ಕೈಪಿಡಿಯಲ್ಲಿ ಮುದ್ರಿಸಿದ, ಸೂಚನಾ ಫಲಕಕ್ಕೆ ಅಂಟಿಸಿದ, ವರ್ಷಗಟ್ಟಲೆ ಇಮೇಲ್‌ಗಳಲ್ಲಿ ಹಂಚಿದ ವಿಳಾಸಗಳೆಲ್ಲ ಒಂದೇ ರಾತ್ರಿಯಲ್ಲಿ 404, ಅಂದರೆ ‘ಪುಟ ಸಿಗಲಿಲ್ಲ’, ಆದವು. ದೂರು ಹೆಚ್ಚಿದ ಮೇಲೆ ಗುತ್ತಿಗೆದಾರರು ಮಾಡಿದ ಪರಿಹಾರವಂತೂ ಇನ್ನೂ ಸೊಗಸು: ಹಳೆಯ ವಿಳಾಸ ಯಾವುದೇ ಇರಲಿ, ಅದೀಗ ಮುಖಪುಟಕ್ಕೆ ತಂದು ಬಿಡುತ್ತದೆ. ಮೊದಲು ಪುಟ ಇಲ್ಲವೆಂದಾದರೂ ತಿಳಿಯುತ್ತಿತ್ತು, ಈಗ ಮುಖ್ಯಸ್ಥರ ನಗುಮುಖ ನೋಡಿಕೊಂಡು ತಾನೇ ಏನೋ ತಪ್ಪು ಒತ್ತಿದೆನೆಂದು ವಿದ್ಯಾರ್ಥಿ ಮತ್ತೆ ಮತ್ತೆ ಪ್ರಯತ್ನಿಸುತ್ತಾನೆ.

ಇಷ್ಟನ್ನೆಲ್ಲ ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದೆನೇನೋ. ನನ್ನ ನಿಜವಾದ ಸಿಟ್ಟಿಗೆ ಕಾರಣವಾದದ್ದು ಕಣ್ಣು ಕಾಣದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಪಾಡು. ಹಳೆಯ ತಾಣ ಎಷ್ಟೇ ಕುರೂಪಿಯಾಗಿದ್ದರೂ ಅದರಲ್ಲಿದ್ದದ್ದು ಅಕ್ಷರ. ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದ ನೆರವಿನಿಂದ ಅವರು ಯಾರ ಹಂಗೂ ಇಲ್ಲದೆ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ಹೊಸ ತಾಣದಲ್ಲಿ ಸುತ್ತೋಲೆಗಳೆಲ್ಲ ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್‌ಗಳು. ಆ ತಂತ್ರಾಂಶದ ಪಾಲಿಗೆ ಅವು ಬರಿಯ ಚಿತ್ರ. ಓದಲು ಅಲ್ಲಿ ಅಕ್ಷರವೇ ಇಲ್ಲ. (ತಾಣದೊಳಗೆ ಹುಡುಕಿದರೂ ಅವು ಸಿಗದಿರುವುದು ಇದೇ ಕಾರಣಕ್ಕೆ.) ಮೆನು ಮೌಸಿನ ಬಾಣ ತಾಗಿದರೆ ಮಾತ್ರ ತೆರೆದುಕೊಳ್ಳುತ್ತದೆ, ಕೀಲಿಮಣೆಗೆ ಜಗ್ಗುವುದಿಲ್ಲ. ಕಣ್ಣಿರುವವರಿಗೂ ಸುಖವಿಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿರುವಾಗ, ನಾವು ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿ ಬರೆದು ಅದನ್ನು ಆಧುನಿಕವೆಂದು ಕರೆದಿದ್ದೇವೆ. ಆ ವಿದ್ಯಾರ್ಥಿನಿ ಈಗ ತಮ್ಮ ಶುಲ್ಕದ ಕೊನೆಯ ದಿನಾಂಕ ತಿಳಿಯಲು ಗೆಳತಿಯೊಬ್ಬರಿಗೆ ಬಿಡುವಾಗುವವರೆಗೆ ಕಾಯುತ್ತಾರೆ. ಇದನ್ನು ಸಭೆಯಲ್ಲಿ ಹೇಳಿದಾಗ, ಅಂಥವರು ಒಬ್ಬರೇ ಇರುವುದಲ್ಲವೇ ಎಂದರು.

ಕಳೆದ ವಾರದ ಸಭೆಯಲ್ಲಿ ದೂರುಗಳನ್ನು ಕೊನೆಗೂ ಗಂಭೀರವಾಗಿ ಪರಿಗಣಿಸಲಾಯಿತು. ಜಾಲತಾಣವನ್ನು ಹೇಗೆ ಬಳಸಬೇಕೆಂದು ವಿವರಿಸುವ ಹನ್ನೆರಡು ಪುಟಗಳ ಕೈಪಿಡಿಯೊಂದನ್ನು ಸಿದ್ಧಪಡಿಸಿ, ಮುಖ್ಯಸ್ಥರ ಸಹಿ ಮತ್ತು ಮೊಹರು ಹಾಕಿಸಿ, ಸ್ಕ್ಯಾನ್ ಮಾಡಿ ‘ಇತರೆ’ ವಿಭಾಗದಲ್ಲಿ ಏರಿಸಬೇಕೆಂದು ನಿರ್ಣಯವಾಗಿದೆ. ಬರೆಯುವ ಹೊಣೆ ನನ್ನದು. ಅಲ್ಲಿಯವರೆಗೆ ಅರ್ಜಿಗಳ ನೇರ ವಿಳಾಸಗಳನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿ ನನ್ನ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ, ಆ ವಿದ್ಯಾರ್ಥಿನಿಗೆ ಅದೇ ಪಟ್ಟಿಯನ್ನು ಇಮೇಲ್ ಮಾಡಿದ್ದೇನೆ.